ಮನೋರೋಗಿಗೆ ಮರದ ನೆರಳೂ ಪದದ ದನಿಯೂ ಬೇಕೋ?

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸೊಬ್ಬಳು ಒಂದು ದಿನ ಕೆಲಸವನ್ನು ಬಿಟ್ಟು, ಯಾರೊಂದಿಗೂ ಮಾತಾಡದೆ, ಉಣ್ಣದೆ, ಗೋಡೆಗೆ ಮುಖಮಾಡಿ ಕೂತುಬಿಟ್ಟಳೆಂದು ಭಾವಿಸಿರಿ. ಮನೆಯವರು ತಾಯಿತ ಕಟ್ಟುವವರ ಬಳಿಗೆಲ್ಲಾ ತಿರುಗಾಡಿ ದಣಿದು, ಕಡೆಗೆ ಆಕೆಯನ್ನು ಆಸ್ಪತ್ರೆಗೆ ಕರತರುತ್ತಾರೆ. ಆಕೆಗೆ ಔಷಧ ಬೇಕೆಂಬದರಲ್ಲಿ ಸಂಶಯವಿಲ್ಲ. ಆದರೆ ಔಷಧದ ಸಂಗಡ ಕಣ್ಣಿಗೆ ಒಂದು ಮರ, ಕಿವಿಗೆ ಒಂದು ಪದ, ಕೈಗೆ ಸೂಜಿದಾರ, ಇವುಗಳನ್ನೂ ಒದಗಿಸತಕ್ಕದ್ದೋ? ಮಂಚಗಳೂ ವೈದ್ಯರೂ ಸಾಲದಿರುವಲ್ಲಿ ತೋಟಕ್ಕೂ ತಂಬೂರಿಗೂ ಹಣ ಹಾಕುವದು ನ್ಯಾಯವೋ? ಈ ಪ್ರಶ್ನೆಯನ್ನು ಕೇಳುವವರು ಕಠಿಣ ಹೃದಯದವರೇನೂ ಅಲ್ಲ. ಬಡತನವನ್ನು ಬಲ್ಲವರೇ ಇದನ್ನು ಕೇಳುತ್ತಾರೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯು 1997ರ ವರೆಗೆ ಧಾರವಾಡ ಜಿಲ್ಲೆಗೇ ಸೇರಿತ್ತು. ಈಗ ಡಿಮ್ಹಾನ್ಸ್ ಎಂದು ಕರೆಯಲ್ಪಡುವ ಧಾರವಾಡದ ಸಂಸ್ಥೆಯು 1845ರಲ್ಲಿ ಹುಚ್ಚರ ಆಶ್ರಯವಾಗಿ ಆರಂಭವಾಯಿತು. ಆ ಶತಮಾನದಲ್ಲಿ ಇಂಥ ಮನೆಗಳನ್ನು ಕಟ್ಟಿದವರು, ಯಾವ ದೇಶದಲ್ಲಾದರೂ, ಗುಣಪಡಿಸುವದಕ್ಕಿಂತ ಕಾಯ್ದಿಡುವದನ್ನೇ ಹೆಚ್ಚಾಗಿ ಯೋಚಿಸಿದರು. ಎತ್ತರದ ಗೋಡೆಯೂ ಬೀಗವೂ ಮಾತಾಡುವದಿಲ್ಲವೆಂದು ನಾವು ತಿಳಿಯುತ್ತೇವೆ. ಆದರೆ ಒಳಗಿರುವವನಿಗೆ ಅವು ಹಗಲಿರುಳು, ನೀನು ಭಯಪಡತಕ್ಕವನು, ನಂಬತಕ್ಕವನಲ್ಲ, ಎಂದು ಹೇಳುತ್ತಲೇ ಇರುತ್ತವೆ. ಮೊದಲೇ ತನ್ನ ಮನಸ್ಸನ್ನು ತಾನು ನಂಬಲಾರದವನಿಗೆ ಆ ಮಾತು ಎಷ್ಟು ಭಾರವಾದದ್ದು!

ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ 1796ರಲ್ಲಿ ವಿಲ್ಯಂ ಟ್ಯೂಕನೂ ಅವನ ಕ್ವೇಕರ್ ಸಭೆಯವರೂ ರಿಟ್ರೀಟ್ ಎಂಬ ಮನೆಯನ್ನು ತೆರೆದು, ಸರಪಳಿಯನ್ನು ಬಿಡಿಸಿ, ರೋಗಿಗಳಿಗೆ ತೋಟವನ್ನೂ ಕೈಗೆಲಸವನ್ನೂ ಸಾಕುವದಕ್ಕೆ ಮೊಲಗಳನ್ನೂ ಕೋಳಿಗಳನ್ನೂ ಕೊಟ್ಟರು. ಅಲ್ಲಿ ಒಂದು ಸಂಗತಿಯಿದೆ. ಕಿಟಕಿಗಳ ಕಬ್ಬಿಣದ ಚೌಕಟ್ಟುಗಳು ಮರದವುಗಳಂತೆ ತೋರುವ ಹಾಗೆ ಮಾಡಲ್ಪಟ್ಟಿದ್ದವು. ಇದು ದಯೆಯೋ, ಮೋಸವೋ? ಕೆಲವರು ಇದನ್ನು ಮರೆಮಾಡಿದ ಸೆರೆಯೆಂದು ಹಳಿದಿದ್ದಾರೆ. ನನಗಂತೂ ಇದು ದಯೆಯೇ ಎಂದು ಕಾಣುತ್ತದೆ. ಇದ್ದಾಗ್ಯೂ ಅಂದವಾದ ಕಿಟಕಿಯು ತೆರೆದ ಬಾಗಲಿಗೆ ಬದಲಾಗಲಾರದೆಂಬ ಅವರ ಮಾತನ್ನು ತಳ್ಳಿಬಿಡಲಾರೆನು.

ನೋಟಕ್ಕೆ ಶಕ್ತಿಯುಂಟೋ ಎಂಬದನ್ನು ಎಣಿಕೆಯಿಂದ ಪರೀಕ್ಷಿಸಿದವರಿದ್ದಾರೆ. ಅಮೇರಿಕದ ರೋಜರ್ ಉಲ್ರಿಚ್ ಎಂಬವರು ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿಯ ದಾಖಲೆಗಳನ್ನು ಹೋಲಿಸಿ 1984ರಲ್ಲಿ ಪ್ರಕಟಿಸಿದರು. ಕಿಟಕಿಯಿಂದ ಮರಗಳನ್ನು ಕಂಡವರು ಇಟ್ಟಿಗೆಯ ಗೋಡೆಯನ್ನು ಕಂಡವರಿಗಿಂತ ಬೇಗ ಮನೆಗೆ ಹೋದರು; ತೀಕ್ಷ್ಣವಾದ ನೋವಿನ ಔಷಧವೂ ಅವರಿಗೆ ಕಡಿಮೆ ಸಾಕಾಯಿತು. ಇದು ದೇಹದ ರೋಗದ ಮಾತು, ಎಣಿಕೆಯೂ ಚಿಕ್ಕದು. ಆದಕಾರಣ ಇದರ ಮೇಲೆ ಬೆಟ್ಟವನ್ನು ಕಟ್ಟಲಾಗದು.

ಇನ್ನು ಸಂಗೀತದ ವಿಷಯದಲ್ಲಿ, ದಾವೀದನು ಕಿನ್ನರಿಯನ್ನು ಬಾರಿಸುವಾಗ ಅರಸನಾದ ಸೌಲನಿಗೆ ಉಪಶಮನವಾಗುತ್ತಿತ್ತೆಂಬ ಕಥೆಯನ್ನು ನಾವೆಲ್ಲರೂ ಮಕ್ಕಳಿಗೆ ಹೇಳುತ್ತೇವೆ. ಮುಂದಿನದನ್ನು ಹೇಳುವದಿಲ್ಲ. ಅದೇ ಸೌಲನು, ಅದೇ ಕಿನ್ನರಿಯು ನುಡಿಯುತ್ತಿರುವಾಗಲೇ, ದಾವೀದನ ಮೇಲೆ ಈಟಿಯನ್ನು ಎಸೆದನು. ಯಾಕಂದರೆ ಅಷ್ಟರಲ್ಲಿ ಅವನೊಳಗೆ ಮತ್ಸರವು ಬೇರೂರಿತ್ತು. ಹಾಡು ಒಂದು ದಿನ ನೆರವಾಗಿ ಇನ್ನೊಂದು ದಿನ ಸೋಲಬಹುದು. ಹಾಗೆ ಸೋತದ್ದರಿಂದ ಮೊದಲಿನ ನೆಮ್ಮದಿಯು ಸುಳ್ಳಾಗುವದಿಲ್ಲ. ಔಷಧವನ್ನು ನಿಲ್ಲಿಸಿ ಹಾಡನ್ನು ಕೊಡಿರೆಂದು ಹೇಳುವವರ ಮಾತಿಗೆ ಮಾತ್ರ ಯಾರೂ ಕಿವಿಗೊಡಬಾರದು.

ಯಾವ ಹಾಡು ಎಂಬದೂ ಸಣ್ಣ ಮಾತಲ್ಲ. ಹಾವೇರಿಯ ಮುದುಕನಿಗೆ ಪಿಯಾನೋ ಬಾರಿಸಿದರೆ ಅವನು ಸುಮ್ಮನೆ ನೋಡಿಯಾನು. ಭಜನೆಯ ತಾಳ ಕೇಳಿದರೆ ಅವನ ಬೆರಳು ತಾನಾಗಿ ತೊಡೆಯ ಮೇಲೆ ಆಡೀತು. ಹಾಗೆಯೇ ಬ್ಯಾಡಗಿಯ ಆ ಹೆಂಗಸಿಗೆ ಚಿತ್ರಕಲೆಯ ಪಾಠಕ್ಕಿಂತ ಕೌದಿಯು ಹತ್ತಿರ. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿಯುವದನ್ನು ಆಕೆಯ ಕೈ ಮನಸ್ಸಿಗಿಂತ ಮುಂಚೆ ನೆನಪು ಮಾಡಿಕೊಳ್ಳಬಹುದು. ಇದಕ್ಕೆ ತಗಲುವ ವೆಚ್ಚವಾದರೂ ಎಷ್ಟು? ಹಣದ ಕೊರತೆಯನ್ನು ಮುಂದಿಡುವವರು ಇದನ್ನು ಲೆಕ್ಕಹಾಕಿದ್ದಾರೋ ತಿಳಿಯದು. ಸಂಗಡಿಗರೂ ಹೀಗೆಯೇ. ಅಮೃತಸರದಲ್ಲಿ ವಿದ್ಯಾಸಾಗರರು 1950ರ ದಶಕದಲ್ಲಿ ಆಸ್ಪತ್ರೆಯ ಅಂಗಳದಲ್ಲೇ ಗುಡಾರಗಳನ್ನು ಹಾಕಿಸಿ ಮನೆಯವರನ್ನು ರೋಗಿಯ ಜೊತೆಯಲ್ಲಿ ಇರಿಸಿಕೊಂಡರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಬಾಗಾಯಂ ಕೇಂದ್ರವೂ ಕುಟುಂಬದವರನ್ನು ಒಳಗೆ ಕರೆದುಕೊಂಡಿತು. ತನ್ನವರು ಅನ್ನ ಬೇಯಿಸುವ ಹೊಗೆಯೂ ಒಂದು ಆವರಣವೇ ಅಲ್ಲವೋ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಇದನ್ನು ದಾನವೆಂದು ಹೇಳದೆ ಹಕ್ಕೆಂದು ಹೇಳಿದೆ. ಶುಚಿಯಾದ ಸ್ಥಳ, ವಿರಾಮ, ಮನೋರಂಜನೆ, ಏಕಾಂತ, ತನ್ನ ಸ್ವಂತ ಉಡುಪು, ಇವೆಲ್ಲಾ ರೋಗಿಗೆ ಸಲ್ಲತಕ್ಕವು. ಸರಪಳಿಯಿಂದ ಕಟ್ಟಲಾಗದು, ಬಲವಂತದಿಂದ ತಲೆ ಬೋಳಿಸಲಾಗದು. ಕೆಲಸ ಮಾಡಿಸಿದರೆ ತಕ್ಕ ಕೂಲಿಯನ್ನು ಕೊಡಬೇಕು. ಬಲವಂತದಿಂದ ಮಾಡಿಸಲೂ ಕೂಡದು. ಈ ಕಡೆಯ ಮಾತನ್ನು ಕೈಗೆಲಸವನ್ನು ಹೊಗಳುವ ನಮ್ಮಂಥವರು ಚೆನ್ನಾಗಿ ಗಮನಿಸಬೇಕು. ಚಿಕಿತ್ಸೆಯ ಹೆಸರಿನಲ್ಲಿ ಆಸ್ಪತ್ರೆಯ ಹೊಲವನ್ನು ಬಿಟ್ಟಿಯಾಗಿ ಕೀಳಿಸುವದು ಸುಲಭ.

ಆದಕಾರಣ ಕೌದಿಯನ್ನು ಆಕೆಯ ಮುಂದೆ ಇಡಿರಿ, ಕೈಯಲ್ಲಿ ತುರುಕಬೇಡಿರಿ. ಆಕೆ ಹೊಲಿಯದೆ, ಹಾಡದೆ, ಬೇವಿನ ಮರವನ್ನೂ ನೋಡದೆ ಹಲವು ದಿನ ಗೋಡೆಗೇ ತಿರುಗಿ ಕೂತಿರಬಹುದು. ಆ ದಿನಗಳಲ್ಲಿ ಮಗ್ಗುಲಲ್ಲಿ ಒಬ್ಬರು ಕೂತು, ತಮ್ಮ ಪಾಲಿನ ತುಂಡನ್ನು ಹೊಲಿಯುತ್ತಿದ್ದರೆ ಸಾಕು. ಮನೆಗೆ ಹೋಗುವ ದಿನ, ಮುಗಿದಿರಲಿ ಅರ್ಧವೇ ಇರಲಿ, ಆ ಕೌದಿಯು ಆಕೆಯ ಸಂಗಡಲೇ ಬ್ಯಾಡಗಿಗೆ ಹೋಗಲಿ.