ಮಣ್ಣಿನ ಋಣ ಯಾರು ತೀರಿಸಬೇಕು?

ನಿಮ್ಮ ಮನೆಗೆ ಶಹಾಬಾದ್ ಕಲ್ಲು ಹಾಸಿದ್ದರೆ ಒಮ್ಮೆ ಬಗ್ಗಿ ನೋಡಿ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ಗಣಿಯಲ್ಲಿ ಯಾರೋ ಬಿಸಿಲಲ್ಲಿ ನಿಂತು, ಧೂಳು ಕುಡಿದು ಅದನ್ನು ಎಬ್ಬಿಸಿ ಕಳಿಸಿದ್ದಾರೆ. ಕಲ್ಲಿಗೆ ನಾವು ಬೆಲೆ ಕೊಟ್ಟೆವು. ಆ ಎದೆಗೆ ಏನು ಕೊಟ್ಟೆವು?

ಸಿಲಿಕಾ ಬೆರೆತ ಕಲ್ಲಿನ ಧೂಳು ಶ್ವಾಸಕೋಶ ಸೇರಿದರೆ ಕ್ಷಯದ ಅಪಾಯ ಹೆಚ್ಚುತ್ತದೆ. ಇಕ್ಕಟ್ಟಿನ ಮನೆ, ಅರೆಹೊಟ್ಟೆ ಊಟ ಜೊತೆಗೂಡಿದರೆ ಕೇಳುವುದೇ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಲೋಕದಲ್ಲಿ ಕ್ಷಯಕ್ಕೆ ತುತ್ತಾದವರಲ್ಲಿ ಸುಮಾರು ಕಾಲುಭಾಗ ಭಾರತೀಯರೇ.

ಆದರೆ ಈ ರೋಗಕ್ಕೆ ಮದ್ದು ಸಿಕ್ಕಿದ್ದೂ ಮಣ್ಣಿನಲ್ಲೇ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದ ಆಲ್ಬರ್ಟ್ ಶಾಟ್ಜ್ ಎಂಬ ಯುವ ವಿದ್ಯಾರ್ಥಿ, ನೆಲಮಾಳಿಗೆಯಲ್ಲಿ ಕೆಲಸ ಮಾಡುತ್ತ, ಗೊಬ್ಬರದ ಹೊಲದ ಮಣ್ಣಿನ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದರು. ಕ್ಷಯವನ್ನು ಮಣಿಸಿದ ಮೊದಲ ಪ್ರತಿಜೀವಕ ಅದು. 1957ರಲ್ಲಿ ಫ್ರಾನ್ಸಿನ ಪೈನ್ ತೋಪಿನ ಹಿಡಿ ಮಣ್ಣು ಇಟಲಿಯ ಮಿಲಾನ್ ತಲುಪಿ, ಮುಂದೆ ರಿಫಾಂಪಿಸಿನ್ ಎಂಬ ಮಾತ್ರೆಗೆ ಮೂಲವಾಯಿತು. ಇಂದಿಗೂ ಚಿಕಿತ್ಸೆಯ ಬೆನ್ನೆಲುಬು ಅದೇ. ದೇವರು ಮದ್ದನ್ನು ಮಣ್ಣಿನಿಂದಲೇ ಉಂಟುಮಾಡುತ್ತಾರೆಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ಹೇಳುವುದನ್ನು ನಾವು ಓದಿಲ್ಲವೇ?

ವರ ಸಿಕ್ಕ ಮೇಲೆ ಏನಾಯಿತು? ಗುರು ಶಿಷ್ಯರ ಜಗಳ! 1950ರಲ್ಲಿ ಶಾಟ್ಜ್ ನ್ಯಾಯಾಲಯದ ಮೆಟ್ಟಿಲೇರಿದರು. ಸಹಸಂಶೋಧಕರೆಂಬ ಮಾನ್ಯತೆಯೂ ಹಣದ ಪಾಲೂ ದೊರೆತವು. ಆದರೂ 1952ರ ನೊಬೆಲ್ ಗೌರವ ವಾಕ್ಸ್‌ಮನ್ ಒಬ್ಬರಿಗೇ ಸಂದಿತು. ಇಬ್ಬರೂ ಬೆವರು ಸುರಿಸಿದವರೇ. ಆದರೆ ಆ ಮದ್ದನ್ನು ನೆಯ್ಯುವ ಕೌಶಲ ಸೂಕ್ಷ್ಮಜೀವಿಯದು, ಅದಕ್ಕೆ ಮನೆ ಮಣ್ಣು, ಮಣ್ಣಿಗೆ ಒಡೆಯ ಸೃಷ್ಟಿಕರ್ತ. ಹುಡುಕಿದವರಿಗೆ ಕೂಲಿ ನ್ಯಾಯವೇ. ಆದರೆ ಬಡವನ ಕೈಗೆಟುಕದಂತೆ ಬಚ್ಚಿಟ್ಟುಕೊಳ್ಳುವ ಹಕ್ಕು ಯಾರಿಗಿದೆ?

ಈ ಪ್ರಶ್ನೆ ದೂರದ್ದಲ್ಲ. ಹಳೆಯ ಮದ್ದಿಗೆ ಬಗ್ಗದ ಕ್ಷಯ ಈಗ ಹರಡುತ್ತಿದೆ. ಆದ್ದರಿಂದ ವಿಜ್ಞಾನಿಗಳು ಮತ್ತೆ ಮಣ್ಣಿಗೆ ಮರಳಿದ್ದಾರೆ. ಎಲ್ಲೆಡೆ ಸಿಗುವ ಮಣ್ಣಿನಲ್ಲಿ ಹಳೆಯ ವಸ್ತುಗಳೇ ಮರಳಿ ಸಿಗುವುದರಿಂದ ಸುಣ್ಣಕಲ್ಲಿನ ನೆಲ, ಉಪ್ಪುನೆಲ, ಕಾಡುಗಳಂಥ ಬೇರೆ ಬೇರೆ ನೆಲೆಗಳಲ್ಲಿ ಹುಡುಕುತ್ತಾರೆ. ನಮ್ಮ ಸೇಡಂ, ವಾಡಿಯ ಸುಣ್ಣಕಲ್ಲಿನ ನೆಲವೂ ಚಿಂಚೋಳಿಯ ಒಣಕಾಡೂ ಇಂಥವೇ. ಕಲಬುರಗಿಯ ಹೆಸರನ್ನೇ ಹೊತ್ತ ಒಂದು ಸೂಕ್ಷ್ಮಜೀವಿಯೂ ಇದೆ: ಕರ್ನಾಟಕದ ಮಣ್ಣಿನಲ್ಲಿ ಸಿಕ್ಕ ಅದಕ್ಕೆ 2007ರಲ್ಲಿ ಸ್ಟ್ರೆಪ್ಟೊಮೈಸಿಸ್ ಗುಲ್ಬರ್ಗೆನ್ಸಿಸ್ ಎಂದು ಹೆಸರಿಟ್ಟರು. ಅದು ಕ್ಷಯದ ಮದ್ದಲ್ಲ. ಆದರೆ ಸ್ಟ್ರೆಪ್ಟೊಮೈಸಿನ್ ಕೊಟ್ಟ ಸೂಕ್ಷ್ಮಜೀವಿಯ ಕುಲವೇ ಅದರದೂ.

ನಾಳೆ ಈ ನೆಲದಿಂದಲೇ ಹೊಸ ಮದ್ದು ಹೊರಟಿತೆಂದು ಭಾವಿಸಿ. ಲಾಭ ಯಾರ ಪಾಲಾಗಬೇಕು? 2002ರ ಜೀವವೈವಿಧ್ಯ ಕಾಯಿದೆಯು ಇಂಥ ಸಂಪತ್ತಿನಿಂದ ಬಂದ ಲಾಭದಲ್ಲಿ ಸ್ಥಳೀಯರಿಗೂ ಪಾಲು ಸಲ್ಲಬೇಕೆನ್ನುತ್ತದೆ. ಕಾನೂನಿನ ಪಾಲು ಹಣದ್ದು. ನೀತಿಯ ಪಾಲು ಅದಕ್ಕಿಂತ ದೊಡ್ಡದು: ಆ ಮಾತ್ರೆ ಮೊದಲು ಗಣಿಯ ಬದಿಯ ಗುಡಿಸಲಿಗೆ ತಲುಪಬೇಕು.

ಹಾಗೆಂದು ಎಲ್ಲವನ್ನೂ ವಿಜ್ಞಾನಿಯ, ಸರ್ಕಾರದ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಮದ್ದಿಗೆ ಬಗ್ಗದ ಕ್ಷಯ ಎಲ್ಲಿಂದ ಬಂತು? ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ರೋಗಾಣುಗಳು ಬೇಗನೆ ಅದಕ್ಕೆ ಒಗ್ಗಿಕೊಂಡದ್ದನ್ನು 1940ರ ದಶಕದಲ್ಲೇ ವೈದ್ಯರು ಕಂಡಿದ್ದರು. ಆದ್ದರಿಂದಲೇ ಇಂದು ಹಲವು ಮದ್ದುಗಳನ್ನು ಒಟ್ಟಿಗೆ, ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಎರಡು ತಿಂಗಳಿಗೇ ಕೆಮ್ಮು ನಿಂತಿತೆಂದು ಮಾತ್ರೆ ಬಿಟ್ಟವನು ರೋಗಾಣುವಿಗೆ ಪಾಠ ಹೇಳಿಕೊಟ್ಟಂತೆ. ಕಾಡಿನ ಬೇರು ಸಾಕೆಂದು ಮಾತ್ರೆ ಎಸೆಯುವುದೂ ಹಾಗೆಯೇ. ಗಾಜಿನ ತಟ್ಟೆಯಲ್ಲಿ ರೋಗಾಣುವನ್ನು ಕೊಂದ ಸಾರವು ಮನುಷ್ಯನಿಗೆ ಮದ್ದಾಗಲು ವರ್ಷಗಟ್ಟಲೆ ಪರೀಕ್ಷೆ ಬೇಕು. ಎಷ್ಟೋ ಸಾರಗಳು ಅಲ್ಲಿಯೇ ಸೋಲುತ್ತವೆ.

ಆದ್ದರಿಂದ ಋಣ ತೀರಿಸಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ, ಮದ್ದು ಉಚಿತ. ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಎರಡು ವಾರ ಮೀರಿದ ಕೆಮ್ಮಿದ್ದವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಸೊಸೆಗೆ ಕ್ಷಯವೆಂದು ತವರಿಗೆ ಅಟ್ಟಬೇಡಿ, ಅವಳ ತಟ್ಟೆಯನ್ನು ಮೂಲೆಗಿಡಬೇಡಿ. ತಟ್ಟೆ, ಲೋಟದಿಂದ ಈ ರೋಗ ಅಂಟುವುದಿಲ್ಲ. ಗಾಳಿಯಾಡುವ ಮನೆ, ಕೆಮ್ಮುವಾಗ ಬಾಯಿಗೆ ಬಟ್ಟೆ, ತಪ್ಪದ ಮಾತ್ರೆ, ಜೊತೆಗೊಂದು ಪ್ರೀತಿಯ ಮಾತು, ಇವು ಬೇಕು.

ಮಣ್ಣು ತನ್ನ ಪಾಲನ್ನು ಲೆಕ್ಕವಿಡದೆ ಕೊಟ್ಟಿದೆ. ಇಂದು ಸಂಜೆ ಪ್ರಾರ್ಥನೆಗೆ ಕೂರುವ ಮುನ್ನ ಕಾಲಡಿಯ ಕಲ್ಲನ್ನು ಮತ್ತೊಮ್ಮೆ ನೋಡಿ. ಅದನ್ನು ಎಬ್ಬಿಸಿದವನು ಕೆಮ್ಮುತ್ತಿದ್ದರೆ, ಅದು ನಿಮಗೆ ಕೇಳಿಸುತ್ತಿದೆಯೇ?