ನೋಟದ ಋಣ

ಹೇಮಂತದ ಕೊನೆಯ ದಿನಗಳಲ್ಲಿ, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನೆರೆಯುತ್ತದೆ. 1960ರಲ್ಲಿ ಸ್ಥಾಪಿತವಾದ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಈ ಪ್ರದರ್ಶನಕ್ಕೆ ಪ್ರವೇಶಶುಲ್ಕವಿಲ್ಲ. ಚಿತ್ರಕಾರನೇ ತನ್ನ ಕೃತಿಗಳ ಪಕ್ಕದಲ್ಲಿ ನಿಂತಿರುತ್ತಾನೆ. ಅವನ ಮುಂದೆ ಚೌಕಾಸಿ ಮಾಡುವುದು ಧರ್ಮವೆ?

ಸಂತೆಯೆಂಬ ಹೆಸರಿಗೇ ಮುಖ ಸಿಂಡರಿಸುವ ರಸಿಕರುಂಟು. ಕಲೆ ಅಮೂಲ್ಯವೆಂಬುದು ಅವರ ವಾದ. ಆದರೆ ಅಮೂಲ್ಯವೆಂದು ಹೊಗಳಿ ಬರಿಗೈಯಲ್ಲಿ ಕಳುಹಿಸಿದರೆ ಚಿತ್ರಕಾರನ ಒಲೆ ಉರಿಯುವುದೆಂತು? ಕೆ. ವೆಂಕಟಪ್ಪನವರಂಥ (1886–1965) ಕಲಾವಿದರಿಗೆ ಮೈಸೂರು ಅರಮನೆಯ ಆಶ್ರಯವಿದ್ದಿತು; ಇಂದು ಆ ಸ್ಥಾನದಲ್ಲಿರುವವನು ಸಾಮಾನ್ಯ ನೋಟಕನೇ.

ಅಡಿಕೆಗೆ ಹೆಸರಾದ ಚಿತ್ರದುರ್ಗ ಸೀಮೆಯ ಭೀಮಸಮುದ್ರದಂಥ ಊರಿನವರು ಬೆಲೆಯನ್ನು ಕೀಳೆಂದೆಣಿಸಲಾರರು. ಸುಲಿದು, ಬೇಯಿಸಿ, ಬಿಸಿಲಿಗೆ ಹರವಿದ ಕೈಗಳ ದುಡಿಮೆ ಆ ಬೆಲೆಯಲ್ಲಿ ಅಡಗಿರುತ್ತದೆ. ವ್ಯಾಪಾರದಲ್ಲಿ ಚೌಕಾಸಿ ಪಾಪವಲ್ಲ. ದುಡಿದವನ ಕೂಲಿಯನ್ನೇ ಕೊರೆಯುವ ಚೌಕಾಸಿ ಪಾಪ. ಈ ನಿಯಮ ಚಿತ್ರಕ್ಕೂ ಸಲ್ಲುತ್ತದೆ.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಅಡಿಕೆಯ ರುಚಿ ಮೆಲ್ಲುವವನಿಗೆ ಮಾತ್ರ. ಮೆದ್ದೊಡನೆ ಅದು ಮುಗಿಯಿತು. ಚಿತ್ರವನ್ನಾದರೋ ಕೊಳ್ಳದವನೂ ಕಣ್ತುಂಬ ಸವಿಯಬಲ್ಲನು, ಅದು ಸವೆಯದು. ಆದ್ದರಿಂದ ನೋಡಿ ಸುಖಿಸಿದವರೆಲ್ಲರೂ ಚಿತ್ರಕಾರನಿಗೆ ಋಣಿಗಳು. ಉಳ್ಳವನು ನ್ಯಾಯವಾದ ಬೆಲೆಯಿತ್ತು ಆ ಋಣವನ್ನು ತೀರಿಸಲಿ. ಇಲ್ಲದವನು ನಿಂತು ನೋಡಿ, ಕೇಳಿ ತಿಳಿದು, ಮಕ್ಕಳಿಗೆ ತೋರಿಸಿ ತೀರಿಸಲಿ. ಹಣವಿದ್ದೂ ಕೊಸರಾಡುವವನು, ಬಿಡುವಿದ್ದೂ ಬರಿದೆ ಕಣ್ಣಾಡಿಸಿ ಸಾಗುವವನು, ಇಬ್ಬರೂ ಸಾಲ ಹೊತ್ತೇ ಮನೆಗೆ ಮರಳುತ್ತಾರೆ.