ನಿಂತವರ ಚಿತ್ರ

ಮುಂಬೈಯ ಸಿ.ಎಸ್.ಎಂ.ಟಿ. ನಿಲ್ದಾಣದಲ್ಲಿ ಒಂದು ಸಂಜೆ ಮೊಬೈಲನ್ನು ಕಂಬಕ್ಕೆ ಒತ್ತಿಹಿಡಿದು ಲಾಂಗ್ ಎಕ್ಸ್‌ಪೋಶರ್ ಫೋಟೋ ತೆಗೆದೆ. ಐಫೋನಿನಲ್ಲಿ 2017ರಿಂದ ಈ ಸೌಲಭ್ಯವಿದೆ; ಲೈವ್ ಫೋಟೋದ ಸುಮಾರು 3 ಸೆಕೆಂಡನ್ನು ಒಂದೇ ಚಿತ್ರವಾಗಿ ಬೆರೆಸುತ್ತದೆ, ಅಷ್ಟೆ. ಕಂಬ, ಗಡಿಯಾರ, ಬೆಂಚು ಸ್ಪಷ್ಟ. ಲೋಕಲ್ ಹಿಡಿಯಲು ಓಡುವ ಮಂದಿ ಮಾತ್ರ ಹೊಗೆ. ಧಾರವಾಡದಲ್ಲಿರುವ ಅವ್ವನಿಗೆ ಕಳಿಸಿದರೆ, "ಅಷ್ಟು ದೊಡ್ಡ ಊರಾಗ ಮಂದೀನ ಇಲ್ಲೇನೋ?" ಅಂದಳು.

1838ರಲ್ಲಿ ದಾಗೇರ್ ತೆಗೆದ ಪ್ಯಾರಿಸ್ ಬೀದಿಯ ಚಿತ್ರದಲ್ಲೂ ಹೀಗೇ ಆಗಿತ್ತು. ಹಲವು ನಿಮಿಷ ಬೆಳಕು ಹಿಡಿಯಬೇಕಿದ್ದ ಕಾಲ. ಗಾಡಿ, ಜನ ಎಲ್ಲ ಮಾಯ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತವನೊಬ್ಬ ಉಳಿದ.

ಕ್ಯಾಮೆರಾ ಸುಳ್ಳು ಹೇಳಿತೆ? ಇಲ್ಲ. ಯಾರು ಎಷ್ಟು ಹೊತ್ತು ಇದ್ದರೋ ಅಷ್ಟೇ ಅವರ ಪಾಲು. ಊರಿನ ಲೆಕ್ಕದಲ್ಲಿ ಅಣ್ಣ ಸ್ಪಷ್ಟ, ದೀಪಾವಳಿಗೆ ನಾಲ್ಕು ದಿನ ಬಂದುಹೋಗುವ ನಾನು ಹೊಗೆ. ಇದನ್ನು ಅನ್ಯಾಯ ಎನ್ನಲು ನನಗೆ ಬಾಯಿಲ್ಲ ಅಂದುಕೊಂಡಿದ್ದೆ.

ಆಮೇಲೆ ಅದೇ ಫೋಟೋದ ಮೂಲೆ ಕಣ್ಣಿಗೆ ಬಿತ್ತು. ಅಲ್ಲೂ ಒಬ್ಬ ಬೂಟ್‌ಪಾಲಿಶ್‌ನವನು. ಪೆಟ್ಟಿಗೆಯ ಮೇಲೆ ಕಾಲಿಟ್ಟ ಗಿರಾಕಿ ಪ್ಯಾಂಟಿನ ಮಡಿಕೆ ಸಹಿತ ಕಾಣುತ್ತಾನೆ. ಉಜ್ಜುವವನ ಕೈಯೇ ಇಲ್ಲ. ಅವನೇನು ಎಲ್ಲಿಗೂ ಹೋದವನಲ್ಲ, ದಿನವಿಡೀ ಅಲ್ಲೇ ಕೂತವನು. ಕೆಲಸ ಮಾಡುತ್ತಿದ್ದ, ಅದಕ್ಕೇ ಅಳಿಸಿಹೋದ.

ಊರಿನಲ್ಲಿ ನಿಂತವನು ಅಣ್ಣ, ನಿಜ. ಆದರೆ ಅವ್ವನಿಗೆ ಗುಳಿಗೆ ಕೊಟ್ಟು, ನೀರು ಕಾಸಿ, ರಾತ್ರಿ ಕಾಲು ತಿಕ್ಕುವವರು ವೈನಿ. ಮನೆಯ ಹಬ್ಬದ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ಒಂದರಲ್ಲಿ, ಅಡಿಗೆಮನೆ ಬಾಗಿಲ ಹತ್ತಿರ, ಸೆರಗಿನ ತುದಿ ಇದೆ.